ಮಾತಿನ ಹೊತ್ತಿಗೆ ಚೆಂಡೆ ಸುಮ್ಮನಿರಬೇಕು

ಪ್ರಶ್ನೆ: ನನಗೆ 23 ವರ್ಷ. ಊರು ಕುಂದಾಪುರದ ಕಡೆ, ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ತಂದೆ ಮಾಟುಂಗದ ಹೋಟೆಲೊಂದರಲ್ಲಿ ಕ್ಯಾಶಿಯರ್. ನಾನು ಬಿ.ಕಾಂ. ಮುಗಿಸಿದ್ದೇನೆ. ಕೀಬೋರ್ಡ್ ನುಡಿಸುತ್ತೇನೆ, ಎಂಟನೇ ವಯಸ್ಸಿನಿಂದ ಇಲ್ಲಿನ ಯಕ್ಷಗಾನ ತಂಡದಲ್ಲಿ ಚೆಂಡೆ ಬಾರಿಸುತ್ತೇನೆ. ಗೆಳೆಯರ ಆರು ಕಿರುಚಿತ್ರಗಳಿಗೆ ಹಣ ಪಡೆಯದೆ ಸಂಗೀತ ಮಾಡಿಕೊಟ್ಟಿದ್ದೇನೆ. ಈಗ ಅಂಧೇರಿಯ ಸ್ಟುಡಿಯೋ ಒಂದು ಡಯಲಾಗ್ ಎಡಿಟಿಂಗ್ ಸಹಾಯಕನ ಕೆಲಸ ಕೊಡುತ್ತೇನೆ ಎನ್ನುತ್ತಿದೆ. ಅಲ್ಲಿಗೆ ಹೋದರೆ ಸಂಗೀತ ಅಲ್ಲಿಗೇ ನಿಂತುಹೋಗುತ್ತದೆ ಎಂಬ ಭಯ. ಸೌಂಡ್ ಡಿಸೈನರ್ ಆಗಬೇಕೋ ಸಂಗೀತ ನಿರ್ದೇಶಕನಾಗಬೇಕೋ ತಿಳಿಯುತ್ತಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಪ್ರಯತ್ನಿಸಲೇ? ಜೊತೆಗೆ ಒಂದು ವೆಬ್ ಸರಣಿಯ ಹಿನ್ನೆಲೆ ಸಂಗೀತಕ್ಕೆ ಕೇಳಿದ್ದಾರೆ, ಒಪ್ಪಂದದಲ್ಲಿ 'ಎಲ್ಲ ಹಕ್ಕುಗಳೂ ಶಾಶ್ವತವಾಗಿ ನಿರ್ಮಾಪಕರದು' ಎಂದಿದೆ. ಸಹಿ ಹಾಕಬಹುದೇ ಮೇಡಂ? ಇದರಲ್ಲೆಲ್ಲ ಹೊಟ್ಟೆ ತುಂಬುತ್ತದೆಯೇ ಎಂದು ತಂದೆ ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ: ಅಂಧೇರಿಯ ಕೆಲಸಕ್ಕೆ ಸೇರಿ. ಉಳಿದದ್ದನ್ನೆಲ್ಲ ಆಮೇಲೆ ಮಾತಾಡೋಣ. ಒಪ್ಪಂದಕ್ಕೆ ಮಾತ್ರ ಈಗಲೇ ಸಹಿ ಹಾಕಬೇಡಿ, ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನೀವು ಕಳಿಸಿದ ಆರೂ ಕಿರುಚಿತ್ರಗಳನ್ನು ನೋಡಿದೆ, ಅಂದರೆ ಕೇಳಿದೆ. ಮೂರನೆಯದರಲ್ಲಿ ಒಂದು ಅಡುಗೆಮನೆಯ ದೃಶ್ಯವಿದೆ. ಮಗ ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದಾನೆ. ತಾಯಿ ಬೆನ್ನು ತಿರುಗಿಸಿಯೇ, 'ಊಟ ಮಾಡಿಕೊಂಡು ಹೋಗಬಹುದಿತ್ತು' ಎನ್ನುತ್ತಾಳೆ. ಆ ನಟಿ 'ಹೋಗಬಹುದಿತ್ತು' ಎಂಬ ಪದದ ನಡುವೆ ಉಸಿರು ನುಂಗಿದ್ದಾರೆ. ಎಷ್ಟು ಚೆನ್ನಾಗಿ ನುಂಗಿದ್ದಾರೆಂದರೆ ನಾನು ಹಿಂದೆ ಹೋಗಿ ಮೂರು ಸಲ ಕೇಳಿದೆ. ಮೂರು ಸಲ ಕೇಳಬೇಕಾಗಿ ಬಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ಮೊದಲ ಸಲ ಅದು ಕೇಳಿಸಲಿಲ್ಲ. ಅದರ ಮೇಲೆ ನೀವು ವಯಲಿನ್‌ಗಳನ್ನು ಹಾಸಿದ್ದಿರಿ. ಸ್ವರ ಕೆಟ್ಟದ್ದಲ್ಲ, ರಾಗದ ಆಯ್ಕೆಯೂ ಸರಿ. ಆದರೆ ಆ ಹೆಣ್ಣುಮಗಳ ಗಂಟಲು ಯಾವ ಮಟ್ಟದಲ್ಲಿ ಕೂತಿತ್ತೋ ಅದೇ ಮಟ್ಟದಲ್ಲಿ ನಿಮ್ಮ ವಯಲಿನ್‌ಗಳೂ ಕೂತಿದ್ದವು. ಒಂದೇ ಬೆಂಚಿನಲ್ಲಿ ಇಬ್ಬರು ಒತ್ತಿಕೊಂಡು ಕುಳಿತ ಹಾಗೆ.

ಇದನ್ನು ಯಾವ ಸಂಗೀತ ಶಾಲೆಯೂ ನಿಮಗೆ ಹೇಳಿಕೊಡುವುದಿಲ್ಲ. ಡಯಲಾಗ್ ಎಡಿಟಿಂಗ್ ಮೇಜು ಎರಡು ತಿಂಗಳಲ್ಲಿ ಹೇಳಿಕೊಡುತ್ತದೆ.

ಆ ಮೇಜಿನ ಮೇಲೆ ನಡೆಯುವುದೇನು ಎಂದು ಹೇಳುತ್ತೇನೆ, ಏಕೆಂದರೆ ಹೊರಗಿನಿಂದ ನೋಡುವವರಿಗೆ ಅದು ಸೊಪ್ಪು ಸೋಸುವ ಕೆಲಸದಂತೆ ಕಾಣುತ್ತದೆ. ಕಾಣುವುದೇನು, ಅದು ಸೊಪ್ಪು ಸೋಸುವ ಕೆಲಸವೇ. ಎರಡು ನಿಮಿಷದ ಒಂದು ದೃಶ್ಯ ಎಂದಿಟ್ಟುಕೊಳ್ಳಿ: ವರ್ಸೋವಾದ ಬಾಡಿಗೆ ಫ್ಲ್ಯಾಟ್‌ನಲ್ಲಿ ಗಂಡ ಹೆಂಡತಿ ಜಗಳ. ಚಿತ್ರೀಕರಿಸಿದ್ದು ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ, ಪರದೆಯ ಮೇಲೆ ಕಾಣುವುದು ಎರಡು ನಿಮಿಷ. ಗಂಡನ ಮುಖದ ಶಾಟ್ ತೆಗೆಯುವಾಗ ಫ್ರಿಜ್ ಆರಿಸಿದ್ದರು, ಹೆಂಡತಿಯ ಮುಖಕ್ಕೆ ಬರುವಷ್ಟರಲ್ಲಿ ಯಾರೋ ಅದನ್ನು ಮತ್ತೆ ಹಾಕಿದ್ದಾರೆ. ಹಾಗಾಗಿ ಅವನು ಮಾತಾಡಿದರೆ ಮೌನ, ಅವಳು ಮಾತಾಡಿದರೆ ಗುಂಯ್. ಪ್ರತಿ ಕಟ್‌ನಲ್ಲೂ ಕೋಣೆಯೇ ಬದಲಾದಂತೆ ಕೇಳಿಸುತ್ತದೆ. ನಿಮ್ಮ ಕೆಲಸ ಆ ಹನ್ನೊಂದು ಕಟ್‌ಗಳನ್ನು ಒಂದೇ ಕೋಣೆಯನ್ನಾಗಿ ಮಾಡುವುದು. ಅದಕ್ಕೆ ಬೇಕಾದ್ದು ರೂಮ್ ಟೋನ್: ಶೂಟಿಂಗ್ ಮುಗಿದ ಮೇಲೆ ಎಲ್ಲರನ್ನೂ ಮೂವತ್ತು ಸೆಕೆಂಡ್ ಅಲ್ಲಾಡದೆ ನಿಲ್ಲಿಸಿ ರೆಕಾರ್ಡ್ ಮಾಡಿದ ಆ ಕೋಣೆಯ ಖಾಲಿತನ. ಹತ್ತರಲ್ಲಿ ಆರು ಸಲ ಅದನ್ನು ಯಾರೂ ರೆಕಾರ್ಡ್ ಮಾಡಿರುವುದಿಲ್ಲ. ಎಲ್ಲರಿಗೂ ಮನೆಗೆ ಹೋಗುವ ಆತುರ. ಆಗ ನಟರ ಎರಡು ಮಾತುಗಳ ನಡುವೆ ಸಿಗುವ ಅರ್ಧರ್ಧ ಸೆಕೆಂಡಿನ ಖಾಲಿಯನ್ನು ಕತ್ತರಿಸಿ, ಹೊಲಿದು, ಚಾಪೆಯ ಹಾಗೆ ಹಾಸಬೇಕು.

ಅದಾದ ಮೇಲೆ ಅಕ್ಷರಗಳ ಕೆಲಸ. ಹೆಂಡತಿ ಒಂದು ಟೇಕ್‌ನಲ್ಲಿ ಅದ್ಭುತವಾಗಿ ಅತ್ತಿದ್ದಾಳೆ, ಆದರೆ ಒಂದು ಪದದ ಕೊನೆಯ ಅಕ್ಷರದ ಮೇಲೆ ಕೆಳಗಿನ ರಿಕ್ಷಾ ಹಾರ್ನ್ ಬಿದ್ದಿದೆ. ಬೇರೆ ಟೇಕ್‌ನಿಂದ ಆ ಒಂದೇ ಒಂದು ಅಕ್ಷರವನ್ನು ಎತ್ತಿ ತಂದು ಕೂರಿಸಬೇಕು. ಅಳುವಿನ ಏರಿಳಿತ ಹೊಂದಬೇಕು, ತುಟಿ ಹೊಂದಬೇಕು, ಮೈಕ್‌ನ ದೂರ ಹೊಂದಬೇಕು. ಲೇಪಲ್ ಮೈಕ್ ಎದೆಗೆ ಅಂಟಿಕೊಂಡಿರುತ್ತದೆ, ಕೋಲಿನ ತುದಿಗೆ ಕಟ್ಟಿದ ಬೂಮ್ ಮೈಕ್ ತಲೆಯ ಮೇಲಿರುತ್ತದೆ. ಎರಡರ ಬಣ್ಣ ಬೇರೆ. ಹೀಗೆ ಮೂರು ತಿಂಗಳು ಮಾಡಿದವರಿಗೆ ಮಾತು ಎಂದರೆ ಅರ್ಥವಷ್ಟೇ ಆಗಿ ಉಳಿಯುವುದಿಲ್ಲ. ಅದಕ್ಕೆ ಎತ್ತರವಿದೆ, ಲಯವಿದೆ, ತೆರಪಿದೆ ಎಂದು ಕಿವಿಗೆ ಗೊತ್ತಾಗುತ್ತದೆ. ಆ ತೆರಪಿನಲ್ಲೇ ಸಂಗೀತ ಕೂರಬೇಕಾದ್ದು.

ಈಗ ನಿಮ್ಮನ್ನೇ ಒಂದು ಪ್ರಶ್ನೆ ಕೇಳುತ್ತೇನೆ. ವೇಷಧಾರಿ ಅರ್ಥ ಹೇಳುವಾಗ ಚೆಂಡೆಯವರು ಏನು ಮಾಡುತ್ತಾರೆ? ಕೋಲು ಕೆಳಗಿಟ್ಟು ಕೇಳುತ್ತಾರೆ. ಭಾಗವತರು ಪದ ಎತ್ತಿಕೊಂಡಾಗ ಮದ್ದಳೆ ಬರುತ್ತದೆ, ರಂಗ ಕಾವೇರಿದಾಗ, ಯುದ್ಧವೋ ಪ್ರವೇಶವೋ ಬಂದಾಗ ಚೆಂಡೆ. ಮಾತಿನ ಕೊನೆಯ ಪದ ಬೀಳುವ ಮುಂಚೆಯೇ ಕೋಲು ಕೈಗೆ ಬಂದಿರುತ್ತದೆ, ಯಾರೂ ಸನ್ನೆ ಮಾಡಿರುವುದಿಲ್ಲ. ಸಿನಿಮಾದವರು ನಿರ್ದೇಶಕರ ಜೊತೆ ಕುಳಿತು ಎಲ್ಲಿ ಸಂಗೀತ ಶುರು, ಎಲ್ಲಿ ನಿಲ್ಲಬೇಕು ಎಂದು ಗುರುತು ಹಾಕಿಕೊಳ್ಳುವುದಕ್ಕೆ ಸ್ಪಾಟಿಂಗ್ ಎನ್ನುತ್ತಾರೆ. ನೀವು ಎಂಟನೇ ವಯಸ್ಸಿನಿಂದ ಅದನ್ನೇ ಮಾಡುತ್ತಿದ್ದೀರಿ. ಕಂಪ್ಯೂಟರ್ ಮುಂದೆ ಕುಳಿತ ಕೂಡಲೇ ಮರೆತಿರಿ, ಅಷ್ಟೇ. ಕೀಬೋರ್ಡ್‌ನಲ್ಲಿ ಒಂದು ಕೀಲಿ ಒತ್ತಿದರೆ ಅರವತ್ತು ವಯಲಿನ್ ಬರುವಾಗ ಯಾರಿಗೆ ತಾನೇ ಸುಮ್ಮನಿರಲು ಮನಸ್ಸಾಗುತ್ತದೆ!

ಮಾತೇ ಅಳತೆಗೋಲು ಎಂಬುದು ನನ್ನ ಹಟ ಮಾತ್ರವಲ್ಲ. ನೆಟ್‌ಫ್ಲಿಕ್ಸ್‌ಗೆ ಮಿಕ್ಸ್ (ಮಾತು, ಸಂಗೀತ, ಸದ್ದು ಎಲ್ಲವನ್ನೂ ತೂಗಿ ಬೆರೆಸಿದ್ದು) ಒಪ್ಪಿಸುವಾಗ ಒಟ್ಟು ಸದ್ದಿನ ಸರಾಸರಿ ಮಟ್ಟವನ್ನು ಅಳೆಯುವುದು ಸಂಭಾಷಣೆಯ ಆಧಾರದ ಮೇಲೆ: ಸದ್ದಿನ ಜೋರನ್ನು ಅಳೆಯುವ ಮಾನದಲ್ಲಿ ಮೈನಸ್ 27 ಎಲ್‌ಕೆಎಫ್‌ಎಸ್, ಅದರ ಆಚೀಚೆ ಎರಡು ಅಂಕಿ ಮಾತ್ರ. ಮಾತನ್ನು ಅಲ್ಲಿ ಕೂರಿಸಿದ ಮೇಲೆ ಸಂಗೀತಕ್ಕೂ ಸದ್ದಿಗೂ ಉಳಿದ ಜಾಗ. ನಿಮ್ಮ ಸಂಗೀತ ಮಾತಿನ ದಾರಿಗೆ ಅಡ್ಡ ಬಂದರೆ ಮಿಕ್ಸ್ ಮಾಡುವವರು ನಿಮ್ಮನ್ನು ಕೇಳದೆ ಅದನ್ನು ಇಳಿಸುತ್ತಾರೆ. ನಾನೇ ಎಷ್ಟೋ ಜನರದನ್ನು ಇಳಿಸಿದ್ದೇನೆ. ನನ್ನದನ್ನೂ ಇಳಿಸಿದ್ದಾರೆ. ನಾಲ್ಕು ವಾರ ಕುಳಿತು ಬರೆದ ಒಂದು ಸಂಗೀತವನ್ನು ಮಿಕ್ಸಿಂಗ್ ಥಿಯೇಟರಿನಲ್ಲಿ ನಿರ್ದೇಶಕರು ಹತ್ತು ನಿಮಿಷದಲ್ಲಿ ತೆಗೆಸಿದರು. ಅಲ್ಲಿ ಉಳಿದದ್ದು ಸ್ಟೀಲ್ ಲೋಟವನ್ನು ಕಡಪಾ ಕಲ್ಲಿನ ಮೇಲಿಟ್ಟ ಸದ್ದು ಒಂದೇ, ಅದೂ ನನ್ನದೇ ರೆಕಾರ್ಡಿಂಗ್. ಆ ರಾತ್ರಿ ಊಟ ಸೇರಲಿಲ್ಲ. ಒಂದು ವರ್ಷದ ನಂತರ ಟಿವಿಯಲ್ಲಿ ನೋಡಿದಾಗ ಅವರು ಮಾಡಿದ್ದು ಸರಿ ಎನಿಸಿತು. ಅವರಿಗೆ ಇವತ್ತಿಗೂ ಹೇಳಿಲ್ಲ.

ಸೌಂಡ್ ಡಿಸೈನರೋ ಸಂಗೀತ ನಿರ್ದೇಶಕನೋ ಎಂಬ ಪ್ರಶ್ನೆಗೆ ಬರೋಣ. ಇವು ಎರಡು ಕಸುಬು ಎಂದು ಹೇಳಿದವರು ಲೆಕ್ಕಪತ್ರದವರು. ಕಿವಿಗೆ ಅಂಥ ಗೋಡೆ ಕಾಣುವುದಿಲ್ಲ. ನಮ್ಮ ಬಿ.ವಿ. ಕಾರಂತರನ್ನೇ ನೋಡಿ. ನಾಟಕದಲ್ಲಿ ಕಲ್ಲು, ತಗಡು, ಕೋಲು, ಉಸಿರು ಎಲ್ಲವನ್ನೂ ವಾದ್ಯ ಮಾಡಿಕೊಂಡವರು. ಚಲನಚಿತ್ರ ಸಂಗೀತಕ್ಕೆ ರಾಷ್ಟ್ರೀಯ ಪ್ರಶಸ್ತಿ ಸಿಕ್ಕಿದ್ದು ಎರಡು ಸಲ, ಋಷ್ಯಶೃಂಗಕ್ಕೆ ಮತ್ತು ಮರುವರ್ಷವೇ ಘಟಶ್ರಾದ್ಧಕ್ಕೆ. ಕಾಡಿನ ಸದ್ದು ಎಲ್ಲಿ ಮುಗಿಯಿತು, ಸಂಗೀತ ಎಲ್ಲಿ ಶುರುವಾಯಿತು ಎಂದು ಅವರ ಕೆಲಸದಲ್ಲಿ ಗೆರೆ ಎಳೆಯುವುದು ಕಷ್ಟ.

ಆದರೆ ಲೆಕ್ಕಪತ್ರದ ಗೋಡೆ ನಿಜವಾದದ್ದೇ, ಅದಕ್ಕೆ ತಲೆ ಬಡಿದರೆ ನೋವಾಗುತ್ತದೆ. ಮುಂಬೈಯಲ್ಲಿ ಕೆಲಸ ಹಂಚಿಹೋಗಿರುವ ರೀತಿ ಬೇರೆ. ಸೆಟ್‌ನಲ್ಲಿ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಹೊತ್ತಿನ ಸದ್ದನ್ನೇ, ಹಿಡಿಯುವವರು ಒಬ್ಬರು, ಡಯಲಾಗ್ ಶುದ್ಧ ಮಾಡುವವರು ಇನ್ನೊಬ್ಬರು, ಹೆಜ್ಜೆ, ಬಟ್ಟೆ, ಬಳೆ ಸದ್ದುಗಳನ್ನು ಚಿತ್ರ ನೋಡುತ್ತ ಕೈಕಾಲಿನಿಂದ ಮಾಡುವ ಫೋಲಿ ಕಲಾವಿದರು ಬೇರೆ, ಇವೆಲ್ಲವನ್ನೂ ಕಲ್ಪಿಸಿ ಜೋಡಿಸುವ ಸೌಂಡ್ ಡಿಸೈನರ್ ಬೇರೆ, ಕೊನೆಗೆ ಎಲ್ಲವನ್ನೂ ತೂಗುವ ಮಿಕ್ಸರ್ ಬೇರೆ. ಬೆಂಗಳೂರಿನವರ ಜೊತೆ ಕೆಲಸ ಮಾಡುವಾಗ ಒಂದು ಮಾತು ನೆನಪಿಡಿ. ಅಲ್ಲಿ ರೀರೆಕಾರ್ಡಿಂಗ್ ಎಂದರೆ ಹಿನ್ನೆಲೆ ಸಂಗೀತ. ಇಲ್ಲಿ ರೀರೆಕಾರ್ಡಿಂಗ್ ಎಂದರೆ ಕೊನೆಯ ಮಿಕ್ಸ್. ಒಮ್ಮೆ ಅಲ್ಲಿನ ನಿರ್ಮಾಪಕರೊಬ್ಬರು ಫೋನ್ ಮಾಡಿ 'ರೀರೆಕಾರ್ಡಿಂಗ್‌ಗೆ ಹದಿನೈದು ದಿನ ಕೊಡಿ' ಎಂದರು. ನಾನು ಮಿಕ್ಸಿಂಗ್ ಥಿಯೇಟರ್ ಹಿಡಿದಿಟ್ಟೆ. ಅವರು ಕೊಳಲಿನವರನ್ನು ಕರೆದುಕೊಂಡು ಬಂದರು.

ಎರಡೂ ಕಡೆ ಕಾಲಿಡುವವರಿಗೆ ಇರುವ ನಿಜವಾದ ತೊಂದರೆ ಸಮಯ. ಸಂಕಲನ ಲಾಕ್ ಆದ ದಿನದಿಂದ ಬಿಡುಗಡೆಯವರೆಗೆ ಇರುವುದು ಒಂದೇ ಕಿಟಕಿ. ಸಂಗೀತದವರೂ ಸದ್ದಿನವರೂ ಅದೇ ಕಿಟಕಿಯಲ್ಲಿ ತೂರಬೇಕು. ಲಾಕ್ ಎನ್ನುವುದು ಹೆಸರಿಗೆ ಮಾತ್ರ. ಲಾಕ್ ಆದ ಮೇಲೂ ಎಂಟು ಫ್ರೇಮ್ ಇಲ್ಲಿ, ಎರಡು ಸೆಕೆಂಡ್ ಅಲ್ಲಿ ಕತ್ತರಿಸುತ್ತಲೇ ಇರುತ್ತಾರೆ, ಪ್ರತಿ ಸಲವೂ ನಿಮ್ಮ ತಾಳ ತಪ್ಪುತ್ತದೆ. ಎರಡೂ ಕೆಲಸವನ್ನು ಒಬ್ಬರೇ ಮಾಡುವುದು ಸಣ್ಣ ಚಿತ್ರಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ ಸಾಧ್ಯ, ಅಲ್ಲಿ ಅದು ತುಂಬ ಚೆನ್ನಾಗಿಯೂ ಇರುತ್ತದೆ. ದೊಡ್ಡದರಲ್ಲಿ ಮಾಡಲು ಹೋಗಬೇಡಿ.

ಕಿವಿಯ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ನಿಮ್ಮ ಹತ್ತಿರ ಇರುವ ಬಂಡವಾಳ ಅದೊಂದೇ, ಅದನ್ನು ನೀವು ದಿನಾ ಲೋಕಲ್ ರೈಲಿನಲ್ಲಿ ಉಚಿತವಾಗಿ ಬೆಳೆಸಬಹುದು.

ಕೆಲವು ವರ್ಷಗಳ ಹಿಂದೆ 1992ರ ಮುಂಬೈಯಲ್ಲಿ ನಡೆಯುವ ಕಥೆಯೊಂದಕ್ಕೆ ಕೆಲಸ ಮಾಡಿದೆ. ಬಿಡುಗಡೆಗೆ ಮುಂಚೆ ಪರಿಚಯದವರಿಗೆ ತೋರಿಸಿದೆವು. ಬಂದವರಲ್ಲಿ ಒಬ್ಬರು ನಿವೃತ್ತ ಮೋಟರ್‌ಮನ್, ಅಂದರೆ ಲೋಕಲ್ ರೈಲು ಓಡಿಸುತ್ತಿದ್ದವರು, ವಿಜಯಪುರದ ಕಡೆಯವರು, ಕಲ್ಯಾಣದಲ್ಲಿ ಮನೆ. ಚಿತ್ರ ಮುಗಿದ ಮೇಲೆ ಎಲ್ಲರೂ ಕಥೆಯ ಬಗ್ಗೆ ಮಾತಾಡುತ್ತಿದ್ದಾಗ ಅವರು ನನ್ನ ಪಕ್ಕ ಬಂದು ಮೆಲ್ಲಗೆ, 'ಆ ಗಾಡಿ ಆಗ ಇರಲಿಲ್ಲವಲ್ಲಮ್ಮ' ಎಂದರು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಪರದೆಯ ಮೇಲೆ ರೈಲು ಕಾಣುವುದೇ ಇಲ್ಲ. ಚಾಳಿನ ಕೋಣೆಯ ಹಿಂದೆ ರಾತ್ರಿ ಹಾದುಹೋಗುವ ಸದ್ದು ಅಷ್ಟೇ. ನಾನು ಹಾಕಿದ್ದು ಈಗಿನ ಲೋಕಲ್‌ನ ಸದ್ದು: ಹೊರಡುವಾಗ ಹಂತಹಂತವಾಗಿ ಏರುವ, ಯಾರೋ ಸ್ವರ ಹಿಡಿದಂತಿರುವ ಆ ಗುನುಗು. ಆ ಬಗೆಯ ಗಾಡಿಗಳು ಮುಂಬೈಗೆ ಬಂದದ್ದು 2007ರ ಕೊನೆಯಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಹಳಿಗಳ ಮೇಲೆ ಓಡುತ್ತಿದ್ದದ್ದು 1500 ವೋಲ್ಟ್ ಡಿಸಿ ವಿದ್ಯುತ್ತಿನ ಗಾಡಿಗಳು. ಪಶ್ಚಿಮ ರೈಲ್ವೆ ಪೂರ್ತಿಯಾಗಿ 25,000 ವೋಲ್ಟ್ ಎಸಿಗೆ ಬದಲಾದದ್ದು 2012ರಲ್ಲಿ, ಮಧ್ಯ ರೈಲ್ವೆ ಅದಾದ ಮೇಲೆ. ಹಳೆಯ ಗಾಡಿಗೆ ಹಾಡು ಇರಲಿಲ್ಲ, ಗೊರಗೊರ ಇತ್ತು, ನಿಂತಾಗ ಹೊಟ್ಟೆಯಡಿಯಲ್ಲಿ ಕಂಪ್ರೆಸರ್ ಬಡಿದುಕೊಳ್ಳುತ್ತಿತ್ತು. ನಾನು ಆ ಗಾಡಿಗಳಲ್ಲಿ ವರ್ಷಗಟ್ಟಲೆ ಓಡಾಡಿದವಳು. ಮರೆತಿದ್ದೆ. ಮರುದಿನ ಹಳೆಯ ಟೇಪ್‌ಗಳ ಪೆಟ್ಟಿಗೆ ಬಿಚ್ಚಿ ಹುಡುಕಿದೆ. ಸಿಕ್ಕಿತು, ಬದಲಾಯಿಸಿದೆ. ಪ್ರೇಕ್ಷಕರಲ್ಲಿ ಸಾವಿರಕ್ಕೊಬ್ಬರಿಗೂ ಅದು ಗೊತ್ತಾಗಿರಲಾರದು, ಆದರೆ ಆ ಹಿರಿಯರ ಮುಖ ನೋಡಿ ತಪ್ಪನ್ನು ಹಾಗೆಯೇ ಬಿಡುವ ಧೈರ್ಯ ನನಗಿರಲಿಲ್ಲ.

ರೈಲಿಗೂ ನಮ್ಮ ಕಸುಬಿಗೂ ಹಳೆಯ ನಂಟಿದೆ. ಭಾರತದ ಮೊದಲ ಟಾಕಿ ಆಲಂ ಆರಾ 1931ರ ಮಾರ್ಚ್ 14ರಂದು ಮುಂಬೈಯ ಮೆಜೆಸ್ಟಿಕ್‌ನಲ್ಲಿ ತೆರೆಕಂಡಿತು. ಅದನ್ನು ಚಿತ್ರೀಕರಿಸಿದ ಸ್ಟುಡಿಯೋ ಹಳಿಯ ಪಕ್ಕದಲ್ಲಿತ್ತು. ಹಗಲಿನ ರೈಲಿನ ಸದ್ದಿಗೆ ಹೆದರಿ ರಾತ್ರಿ ಗಾಡಿಗಳು ನಿಂತ ಮೇಲೆ ಶೂಟಿಂಗ್ ಮಾಡುತ್ತಿದ್ದರು. ಇವತ್ತು ಜೋಗೇಶ್ವರಿಯಲ್ಲಿ ಸಿಂಕ್ ಸೌಂಡ್ ಹಿಡಿಯುವವರನ್ನು ಕೇಳಿ ನೋಡಿ, ಪರಿಸ್ಥಿತಿ ಬಹಳ ಬದಲಾಗಿಲ್ಲ.

ಹಕ್ಕಿಗಳ ವಿಷಯದಲ್ಲಿ ಇನ್ನೂ ದೊಡ್ಡ ಅಧ್ವಾನಗಳಾಗುತ್ತವೆ. ಡಿಸೆಂಬರ್ ತಿಂಗಳ ದೃಶ್ಯಕ್ಕೆ ಕೋಗಿಲೆ ಕೂಗಿಸುವವರಿದ್ದಾರೆ. ಕೊಂಡ ಸೌಂಡ್ ಲೈಬ್ರರಿಯಲ್ಲಿ 'ಕಾಡು, ಬೆಳಗು' ಎಂದಿದ್ದನ್ನು ಎಳೆದು ಹಾಕಿ, ಸಹ್ಯಾದ್ರಿಯಲ್ಲಿ ಯುರೋಪಿನ ಹಕ್ಕಿಗಳನ್ನು ಹಾಡಿಸುವವರಿದ್ದಾರೆ. ಮಳೆಗಾಲದ ಬೆಳಗಿನ ಜಾವ ಗೋವಾದ ಗಡಿಯ ಚೋರ್ಲಾ ಘಾಟಿಗೆ ಹೋಗಿ ನಿಂತರೆ ಸಿಳ್ಳಾರ ಹಕ್ಕಿ ದಾರಿಯಲ್ಲಿ ಹೋಗುವ ಪೋಕರಿ ಹುಡುಗನ ಹಾಗೆ ಸೀಟಿ ಹೊಡೆಯುವುದು ಕೇಳಿಸುತ್ತದೆ. ಅದನ್ನು ಒಮ್ಮೆ ನೀವೇ ರೆಕಾರ್ಡ್ ಮಾಡಿಕೊಂಡರೆ ಇಡೀ ಘಟ್ಟ ನಿಮ್ಮ ಜೇಬಿನಲ್ಲಿ.

ಇನ್ನೊಂದು ಲೆಕ್ಕ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಭಾಗಿಸಿ: ಒಂದು ಫ್ರೇಮ್‌ಗೆ ಸುಮಾರು 14 ಮೀಟರ್. ಅಂದರೆ ಗದ್ದೆಯ ಆಚೆ ಬದಿಯಲ್ಲಿ ಬಟ್ಟೆ ಒಗೆಯುವವಳ ಬಡಿತ ನಿಜಜೀವನದಲ್ಲೂ ನಾಲ್ಕೈದು ಫ್ರೇಮ್ ತಡವಾಗಿಯೇ ಕೇಳಿಸುತ್ತದೆ. ಆದ್ದರಿಂದಲೇ ನಮ್ಮ ಮಿದುಳು ತಡವಾದ ಸದ್ದನ್ನು ಸಹಿಸಿಕೊಳ್ಳುತ್ತದೆ, ಮುಂಚೆ ಬಂದ ಸದ್ದನ್ನು ಸಹಿಸುವುದಿಲ್ಲ. ಪ್ರಸಾರದವರ ಅಂತರರಾಷ್ಟ್ರೀಯ ಅಳತೆಯಲ್ಲೂ ಹಾಗೆಯೇ ಇದೆ: ಸದ್ದು 45 ಮಿಲಿಸೆಕೆಂಡ್ ಮುಂಚೆ ಬಂದರೆ ಜನರಿಗೆ ಗೊತ್ತಾಗುತ್ತದೆ, ತಡವಾದರೆ 125ರವರೆಗೂ ಗೊತ್ತಾಗುವುದಿಲ್ಲ. ನಿಮ್ಮ ಐದನೆಯ ಚಿತ್ರದಲ್ಲಿ ಬಾಗಿಲು ಮುಚ್ಚುವ ಸದ್ದು ಒಂದು ಫ್ರೇಮ್ ಮುಂದಿದೆ. ಚೆಂಡೆಯವರ ಕೈ ಪೆಟ್ಟು ಹಾಕಲು ಕಾದು ಕುಳಿತಿರುತ್ತದೆ, ಅರ್ಥವಾಗುತ್ತದೆ.

ಚೆಂಡೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ, ಅಭ್ಯಾಸದ ಹೊತ್ತಿಗೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆ ಕಿವಿ ತಡೆಯುತ್ತದೆ, ಅಲ್ಲಿಂದ ಪ್ರತಿ ಮೂರು ಡೆಸಿಬಲ್ ಏರಿದಂತೆ ಆ ಸಮಯ ಅರ್ಧವಾಗುತ್ತದೆ ಎಂಬುದು ಔದ್ಯೋಗಿಕ ಆರೋಗ್ಯದವರ ಲೆಕ್ಕ. ಚೆಂಡೆ ಅದಕ್ಕಿಂತ ಎಷ್ಟೋ ಮೇಲೆ. ಹಿಮ್ಮೇಳದವರು ನಕ್ಕರೆ ನಗಲಿ.

ಪುಣೆ. ನಾನು ಅಲ್ಲಿ ಓದಿದವಳು, ಆದ್ದರಿಂದ ಪಕ್ಷಪಾತವಿದೆ. 1933ರಲ್ಲಿ ಕೊಲ್ಹಾಪುರದಿಂದ ಪುಣೆಗೆ ಬಂದ ಪ್ರಭಾತ್ ಕಂಪನಿಯ ಸ್ಟುಡಿಯೋ ಆವರಣದಲ್ಲೇ 1960ರಲ್ಲಿ ಇನ್‌ಸ್ಟಿಟ್ಯೂಟ್ ಶುರುವಾಯಿತು. ಗಿರೀಶ ಕಾಸರವಳ್ಳಿ ಓದಿದ್ದು ಅಲ್ಲೇ. ರಸೂಲ್ ಪೂಕುಟ್ಟಿ ಸೌಂಡ್ ಕಲಿತದ್ದೂ ಅಲ್ಲೇ. 2009ರಲ್ಲಿ ಅವರಿಗೆ ಆಸ್ಕರ್ ಬಂದ ಮೇಲೆ ನಮ್ಮ ಮನೆಯವರಿಗೂ ನಾನು ಮಾಡುವ ಕೆಲಸಕ್ಕೆ ಒಂದು ಹೆಸರಿದೆ ಎಂದು ತಿಳಿಯಿತು. ಅಲ್ಲಿ ವರ್ಷಗಟ್ಟಲೆ ಸಂಗೀತ ಕಲಿಸಿದ ಭಾಸ್ಕರ ಚಂದಾವರ್ಕರ್ ಅವರೇ ಕನ್ನಡದ 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಸಂಗೀತ ಕೊಟ್ಟವರು. ಕನ್ನಡ ಸಿನಿಮಾಕ್ಕೆ ಆ ನೆಲ ಹೊಸದೇನೂ ಅಲ್ಲ; ನಮ್ಮ ಮೊದಲ ಟಾಕಿ ಸತಿ ಸುಲೋಚನಾ ಚಿತ್ರೀಕರಣವಾದದ್ದೂ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ.

ಆದರೆ ನಿಮಗೆ ಈಗಲೇ ಹೋಗಿ ಎನ್ನಲಾರೆ. ಸೌಂಡ್ ವಿಭಾಗದ ಪೂರ್ಣ ಕೋರ್ಸ್ ಮೂರು ವರ್ಷದ್ದು, ಬೆರಳೆಣಿಕೆಯ ಸೀಟು. ನನ್ನ ಕಾಲದಲ್ಲಿ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ ಓದಿರಬೇಕೆಂಬ ನಿಯಮವಿತ್ತು. ನೀವು ವಾಣಿಜ್ಯ ವಿಭಾಗದವರು, ಅರ್ಜಿ ಶುಲ್ಕ ಕಟ್ಟುವ ಮುಂಚೆ ಈ ವರ್ಷದ ಪ್ರಕಟಣೆಯಲ್ಲಿ ಆ ಸಾಲನ್ನು ಹುಡುಕಿ ಓದಿ. ಇನ್‌ಸ್ಟಿಟ್ಯೂಟ್ ಕೊಡುವುದು ತಂತ್ರವನ್ನಲ್ಲ, ಅದು ಯೂಟ್ಯೂಬ್‌ನಲ್ಲೂ ಸಿಗುತ್ತದೆ. ಪಕ್ಕದ ಕೋಣೆಯಲ್ಲಿ ಸಂಕಲನ ಕಲಿಯುವವನೊಬ್ಬ, ಮೇಲಿನ ಕೋಣೆಯಲ್ಲಿ ನಿರ್ದೇಶನ ಕಲಿಯುವವಳೊಬ್ಬಳು: ಮುಂದಿನ ಮೂವತ್ತು ವರ್ಷ ನಿಮಗೆ ಕೆಲಸ ಕೊಡುವವರು ಅವರು. ಎರಡು ವರ್ಷ ಅಂಧೇರಿಯಲ್ಲಿ ದುಡಿದ ಮೇಲೂ ಆಸೆ ಉಳಿದಿದ್ದರೆ ಪರೀಕ್ಷೆ ಬರೆಯಿರಿ. ಆಗ ಕೇಳುವ ಪ್ರಶ್ನೆಗಳು ಬೇರೆಯೇ ಇರುತ್ತವೆ. ಖಾಸಗಿ ಸಂಸ್ಥೆಗಳ ಆರು ತಿಂಗಳ ದುಬಾರಿ ಡಿಪ್ಲೊಮಾಕ್ಕೆ ಮಾತ್ರ ತಂದೆಯ ಉಳಿತಾಯವನ್ನು ಸುರಿಯಬೇಡಿ. ಸಲಕರಣೆಗೂ ಅಷ್ಟೇ. ಕಿವಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಒಂದು, ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದು, 60 ಡಾಲರ್‌ಗೆ ಸಿಗುವ, ಸದ್ದು ಎಡಿಟ್ ಮಾಡುವ ರೀಪರ್ ಸಾಫ್ಟ್‌ವೇರ್. ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಹಾಕಿಟ್ಟು ಮತ್ತೆ ಮುಟ್ಟಬೇಡಿ.

ಗೋವಾಕ್ಕೆ ಹೋಗಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರತಿ ನವೆಂಬರ್‌ನಲ್ಲಿ ಪಣಜಿಯಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ, ಅದರ ಜೊತೆಗೆ ಫಿಲ್ಮ್ ಬಜಾರ್ ಎಂಬ ಸಿನಿಮಾ ಮಾರುಕಟ್ಟೆ ನಡೆಯುತ್ತದೆ. ಕೆಲಸ ಕೇಳಲು ಹೋಗಬೇಡಿ, ಚಿತ್ರ ನೋಡಲು ಹೋಗಿ. ಕೆಲಸ ಸಾಲಿನಲ್ಲಿ ನಿಂತಾಗ ತಾನಾಗಿ ಸಿಗುತ್ತದೆ. ನನಗೆ ಎರಡು ಸಿಕ್ಕಿದ್ದು ಹಾಗೆಯೇ.

ಈಗ ನಿಮ್ಮ ತಂದೆಯವರ ಪ್ರಶ್ನೆ. ಕ್ಯಾಶ್ ಕೌಂಟರಿನಲ್ಲಿ ಕುಳಿತವರಿಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ. ಸೌಂಡ್ ಕಡೆ ಕೆಲಸ ಹೆಚ್ಚು ನಿಯಮಿತ. ಪ್ರತಿ ಚಿತ್ರಕ್ಕೂ, ಸರಣಿಗೂ, ಜಾಹೀರಾತಿಗೂ ಡಯಲಾಗ್ ಶುದ್ಧವಾಗಲೇಬೇಕು. ಸಂಗೀತದ ಕಡೆ ಆಕಾಶ ಎತ್ತರ, ನೆಲ ಜಾರು. 1999ರಲ್ಲಿ ನಾನು ಸಹಾಯಕಿಯಾಗಿ ಸೇರಿದಾಗ ತಿಂಗಳಿಗೆ 4,000 ರೂಪಾಯಿ ಕೊಡುತ್ತಿದ್ದರು, ಬೊರಿವಲಿಯಲ್ಲಿ ಪೇಯಿಂಗ್ ಗೆಸ್ಟ್ ಕೋಣೆಗೆ 1,800. ಉಳಿದದ್ದರಲ್ಲಿ ಉಡುಪಿ ಹೋಟೆಲುಗಳೇ ನನ್ನನ್ನು ಸಾಕಿದ್ದು. ಹಣ ಕೈಗೆ ಬರುವುದು ತಡ: ಕೆಲಸ ಮುಗಿದು ಮೂರು ತಿಂಗಳಿಗೆ ಬಂದರೆ ಪುಣ್ಯ. ಆದ್ದರಿಂದ ಮುಂಗಡವಿಲ್ಲದೆ ಶುರು ಮಾಡಬೇಡಿ, ಕೊನೆಯ ಕಂತು ಬರುವವರೆಗೆ ಪೂರ್ಣ ಫೈಲ್ ಕೊಡಬೇಡಿ. ಬಿಲ್ ಮೊತ್ತದಲ್ಲಿ ಶೇಕಡಾ 10 ಟಿಡಿಎಸ್ ಕಡಿತವಾಗುವುದುಂಟು. ರಿಟರ್ನ್ ಸಲ್ಲಿಸಿದರೆ ಎಷ್ಟೋ ಸಲ ಹಿಂದೆ ಬರುತ್ತದೆ. ಬಿ.ಕಾಂ. ಓದಿದ್ದು ವ್ಯರ್ಥ ಎಂದು ಯಾರು ಹೇಳಿದರು? ನಮ್ಮಲ್ಲಿ ಅರ್ಧ ಜನಕ್ಕೆ ಇನ್‌ವಾಯ್ಸ್ ಬರೆಯಲು ಬರುವುದಿಲ್ಲ.

ತಂದೆಯವರಿಗೆ ಹೇಳಬಹುದಾದ ಇನ್ನೊಂದು ಮಾತು ಭಾಷೆಯದು. ನಿಮಗೆ ಕನ್ನಡ, ಮರಾಠಿ, ಹಿಂದಿ ಬರುತ್ತವೆ. ಒಂದು ಸರಣಿ ಈಗ ಹಲವು ಭಾಷೆಗಳಿಗೆ ಡಬ್ ಆಗುತ್ತದೆ. ಅದಕ್ಕಾಗಿ ಮಾತನ್ನು ಪೂರ್ತಿ ತೆಗೆದು, ಸಂಗೀತ ಮತ್ತು ಸದ್ದು ಮಾತ್ರ ಇರುವ ಎಂ ಆ್ಯಂಡ್ ಇ ಟ್ರ್ಯಾಕ್ ಮಾಡಿಕೊಡಬೇಕು. ಕನ್ನಡದ ಡಬ್ಬಿಂಗ್‌ನಲ್ಲಿ ತುಟಿಗೂ ಮಾತಿಗೂ ತಾಳ ತಪ್ಪಿದಾಗ, 'ಬರುತ್ತೇನೆ'ಯನ್ನು 'ಬಂದೆ' ಮಾಡಿದರೆ ಅರ್ಥ ಕೆಡದೆ ತುಟಿ ಹೊಂದುತ್ತದೆ ಎಂದು ಹೇಳಬಲ್ಲ ಎಡಿಟರ್ ಅಂಧೇರಿಯಲ್ಲಿ ಎಷ್ಟು ಜನ ಇದ್ದಾರೆ? ನಾನು ಹುಡುಕಿದಾಗಲೆಲ್ಲ ಪರದಾಡಿದ್ದೇನೆ. ಗದ್ದಲ ತೆಗೆಯುವ ಸಾಫ್ಟ್‌ವೇರ್ ಬಂದು ಸಹಾಯಕರ ಕೆಲಸ ಹೋಗುತ್ತದೆ ಎಂದು ಕೆಲವರು ಹೆದರಿಸಬಹುದು. ಅದು ಫ್ಯಾನಿನ ಸದ್ದು ತೆಗೆಯುತ್ತದೆ, ನಿಜ. ಯಾವ ದೃಶ್ಯದಲ್ಲಿ ಫ್ಯಾನ್ ತಿರುಗುತ್ತಲೇ ಇರಬೇಕು ಎಂಬುದನ್ನು ಇನ್ನೂ ನಾವೇ ಹೇಳಬೇಕು.

ಕೊನೆಗೆ ಒಪ್ಪಂದ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಒಂದು ಟಿವಿ ಧಾರಾವಾಹಿಗೆ ಶೀರ್ಷಿಕೆ ಸಂಗೀತ ಮಾಡಿಕೊಟ್ಟೆ. ನಾಲ್ಕು ಸಾಲಿನ ಕಾಗದ, ಓದದೆ ಸಹಿ ಹಾಕಿದೆ, ಒಂದು ಚೆಕ್ ಬಂತು. ಧಾರಾವಾಹಿ ಮೂರು ವರ್ಷ ಓಡಿತು. ಪ್ರತಿ ಸಂಜೆ ಪಕ್ಕದ ಮನೆಯಿಂದ ನನ್ನ ಸಂಗೀತ ಕೇಳಿಸುತ್ತಿತ್ತು, ಇನ್ನೊಂದು ರೂಪಾಯಿ ಬರಲಿಲ್ಲ. ಆಗ ಕಾನೂನೂ ನನ್ನ ಕಡೆ ಇರಲಿಲ್ಲ. ಈಗ ನಿಮ್ಮ ಕಡೆ ಇದೆ. ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ, ಚಿತ್ರದಲ್ಲಿ ಬಳಸಿದ ಸಂಗೀತ ಚಿತ್ರಮಂದಿರದ ಪ್ರದರ್ಶನದ ಹೊರತು ಬೇರೆ ಯಾವ ರೂಪದಲ್ಲಿ ಬಳಕೆಯಾದರೂ ಅದರ ರಾಯಧನದಲ್ಲಿ ಸಂಗೀತ ರಚಿಸಿದವರಿಗೆ ಸಮಪಾಲು. ಈ ಹಕ್ಕನ್ನು ನೀವು ನಿರ್ಮಾಪಕರಿಗೆ ಬಿಟ್ಟುಕೊಡುತ್ತೇನೆ ಎಂದು ಬರೆದುಕೊಟ್ಟರೂ ಆ ಬರಹಕ್ಕೆ ಬೆಲೆಯಿಲ್ಲ. ವಾರಸುದಾರರಿಗೆ ಅಥವಾ ರಾಯಧನ ವಸೂಲು ಮಾಡಿ ಹಂಚುವ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಸಂಗೀತಗಾರರಿಗೆ ಆ ಸೊಸೈಟಿ ಎಂದರೆ ಮುಂಬೈಯ ಐಪಿಆರ್‌ಎಸ್. ಸದಸ್ಯರಾಗಿ, ಪ್ರತಿ ಕೆಲಸಕ್ಕೂ ಕ್ಯೂ ಶೀಟ್ ಬರೆದಿಡಿ: ಯಾವ ತುಣುಕು, ಎಷ್ಟು ಸೆಕೆಂಡ್, ಎಲ್ಲಿ. ಕ್ಯೂ ಶೀಟ್ ಇಲ್ಲದಿದ್ದರೆ ಹಣ ಯಾರದೆಂದು ಯಾರಿಗೂ ಗೊತ್ತಾಗುವುದಿಲ್ಲ. ಸೌಂಡ್ ಡಿಸೈನರ್‌ಗೆ ಈ ರಕ್ಷಣೆ ಇಲ್ಲ. ನನ್ನ ಸ್ಟೀಲ್ ಲೋಟಕ್ಕೆ ರಾಯಧನ ಬರುವುದಿಲ್ಲ, ಅದು ಅನ್ಯಾಯ ಎಂದು ನನ್ನ ಅಭಿಪ್ರಾಯ.

ಆದ್ದರಿಂದ 'ಎಲ್ಲ ಹಕ್ಕುಗಳೂ ಶಾಶ್ವತವಾಗಿ' ಎಂಬ ಸಾಲು ಕಂಡ ಕೂಡಲೇ ಓಡಿಹೋಗಬೇಕಿಲ್ಲ. ಹಕ್ಕು ವರ್ಗಾವಣೆ ಸಾಮಾನ್ಯ. ಅದರ ಜೊತೆ ರಾಯಧನದ ಹಕ್ಕು ಕಾನೂನಿನಂತೆ ಉಳಿದಿದೆ ಎಂಬ ಸಾಲು ಇದೆಯೇ, ಎಷ್ಟು ಸಲ ತಿದ್ದಿಕೊಡಬೇಕು ಎಂದು ಸಂಖ್ಯೆ ಬರೆದಿದ್ದಾರೆಯೇ, ಹೆಸರು ಎಲ್ಲಿ ಬರುತ್ತದೆ, ಸರಣಿ ನಿಂತುಹೋದರೆ ಮಾಡಿದಷ್ಟು ಕೆಲಸಕ್ಕೆ ಹಣ ಉಂಟೇ ಎಂದು ನೋಡಿ. ಸಂಗೀತದ ವಿಷಯಕ್ಕೆ ಮೊಕದ್ದಮೆ ಬಂದರೆ ಪೂರ್ತಿ ನಷ್ಟ ನೀವೇ ಭರಿಸಬೇಕೆಂಬ ಷರತ್ತು ಬಹುತೇಕ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಟೆಂಪ್ ಟ್ರ್ಯಾಕ್, ಅಂದರೆ ಮಾದರಿಗೆಂದು ಬೇರೆಯವರ ಸಂಗೀತ, ಹಾಕಿ 'ಇದೇ ಥರ ಬೇಕು' ಎಂದು ಒತ್ತಾಯಿಸುವವರೂ ಅವರೇ, ನಕಲು ಎಂದು ಆರೋಪ ಬಂದರೆ ಕೈ ತೊಳೆದುಕೊಳ್ಳುವವರೂ ಅವರೇ. ವಕೀಲರಿಗೆ ಕೊಡುವ ಒಂದೆರಡು ಸಾವಿರ ದಂಡವಲ್ಲ.

ಮೂರನೆಯ ಚಿತ್ರದ ಅಡುಗೆಮನೆಯ ದೃಶ್ಯವನ್ನು ವಯಲಿನ್ ತೆಗೆದು, ತಾಯಿಯ ಮಾತು ಮುಗಿದ ಮೇಲೆ ಮಗ ಚೀಲ ಎತ್ತಿಕೊಳ್ಳುವಲ್ಲಿಂದ ಮಾತ್ರ ಸಂಗೀತ ಶುರು ಮಾಡಿ ಇನ್ನೊಮ್ಮೆ ಕಳಿಸಿ. ಜೊತೆಗೆ ಆ ಒಪ್ಪಂದದ ಪ್ರತಿಯನ್ನೂ ಕಂಪನಿಯ ಹೆಸರು ಮುಚ್ಚಿ ಕಳಿಸಿ. ಸಹಿ ಹಾಕುವ ಮುಂಚೆ.